ಹಸಿರು ಸೆರಗಿನ ಕುರಿಮರಿ

ಅಮರಾಪುರ,
೧೪-೨-೧೯೩೭

ಪ್ರೀತಿಯ ಸೊಸೆ ಮೈಲಾರಮ್ಮನಿಗೆ,

ನಿನ್ನ ಮಾವನ ಆಶೀರ್ವಾದ. ಕೆಮ್ಮು ಹೇಗಿದೆ? ಸಂಜೆಯ ಜ್ವರ ಇಳಿದಿದೆಯೆಂದು ನೀನು ಹೋದ ಕಾಗದದಲ್ಲಿ ಬರೆದಿದ್ದೆ, ಈಗಲೂ ಹಾಗೇ ಇದೆಯೇ? ಆಸ್ಪತ್ರೆಯಲ್ಲಿ ಕೊಡುವ ಹಾಲು, ಮೊಟ್ಟೆ ಬೇಡವೆನ್ನದೆ ತೆಗೆದುಕೋ. ಇಲ್ಲಿ ನಾವೆಲ್ಲ ಸುಖವಾಗಿದ್ದೇವೆ. ಕಡಲೇಕಾಯಿ ಬಿಡಿಸಿ ಮುಗಿಯಿತು. ಕುರಿಗಳು ಈಯುತ್ತಿವೆ. ಕೂಸಿಗೆ ಕೆಳಗೆರಡು ಹಲ್ಲು ಬಂದಿವೆ, ಗೋಡೆ ಹಿಡಿದು ನಿಲ್ಲುತ್ತಾಳೆ.

ನೀನು ಟಪಾಲಿನಲ್ಲಿ ಕಳಿಸಿದ ಬಟ್ಟೆಯ ಕುರಿಮರಿ ತಲುಪಿ ತಿಂಗಳ ಮೇಲಾಯಿತು. ಅದು ಕೂಸಿನ ಕೈ ಸೇರಿತೇ ಎಂದು ಕೇಳಿ ಕೇಳಿ ಬರೆದೆ, ನಾವು ಉತ್ತರ ಕೊಡಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುವುದೇ ಸರಿ. ಕಟ್ಟು ಬಿಚ್ಚಿದ ಕೂಡಲೇ, ಇದು ನಿನ್ನ ಹಸಿರು ಸೀರೆಯ ಸೆರಗೆಂದು ನಿಮ್ಮತ್ತೆ ಕದಿರಮ್ಮ ಗುರುತು ಹಿಡಿದಳು. ಕೂಸು ಕೈ ಚಾಚಿತು. ಅವಳು ಕೊಡಲಿಲ್ಲ. “ಆಸ್ಪತ್ರೆಯಿಂದ ಬಂದಿರೋದು, ಯಾರೂ ಮುಟ್‌ಬ್ಯಾಡಿ” ಎಂದು ಅದನ್ನು ಕಡ್ಡಿಯಲ್ಲಿ ಎತ್ತಿ ಹಳೇ ಮಡಕೆಗೆ ಹಾಕಿ ಬಾಯಿ ಕಟ್ಟಿದಳು. “ಸುಟ್ಟಾಕ್‌ಬಿಡವ್ವ, ಕೂಸಿಗೆ ಹತ್‌ಕಂಡ್ರೆ ಏನ್ ಗತಿ?” ಎಂದ ನಿನ್ನ ಗಂಡ. ಅವನ ಮೇಲೆ ಬೇಸರ ಮಾಡಿಕೊಳ್ಳಬೇಡ. ನಿನ್ನನ್ನು ಆಸ್ಪತ್ರೆಗೆ ಬಿಟ್ಟು ಬಂದಂದಿನಿಂದ ಮೂಡಲಗಿರಿ ಎಲ್ಲಕ್ಕೂ ಹೆದರುತ್ತಾನೆ, ಕೂಸು ಸೀನಿದರೂ ಎದ್ದು ಕೂರುತ್ತಾನೆ. ನಿಮ್ಮತ್ತೆ ಸುಡಲಿಲ್ಲ. ಬಸ್ಸು ಹತ್ತುವಾಗ ನೀನು ಅಂದ ಮಾತು ಅವಳ ಕಿವಿಯಲ್ಲಿತ್ತೆಂದು ಕಾಣುತ್ತದೆ: “ಅತ್ತೀ, ಕೂಸಿನ ಕೈಯಾಗ ನಂದೊಂದು ಏನಾರ ಇರ್ಲಿರಿ.”

ಆಟದ ಸಾಮಾನಿನ ವಿಷಯದಲ್ಲಿ ಅವಳದು ಮೊದಲಿಂದಲೂ ಬಿಗಿ. ನಿಮ್ಮಪ್ಪ ರಾಯದುರ್ಗದಿಂದ ತಂದ ಗಿಲಕಿಯನ್ನು ಉಗುರಿನಲ್ಲಿ ಕೆರೆದು ನೋಡಿ, ಬಣ್ಣ ಬಿಡುತ್ತದೆಂದು ಎತ್ತಿಟ್ಟಳು. ಮೂಡಲಗಿರಿ ಸಂತೆಯಿಂದ ತಂದ ತಗಡಿನ ಬಂಡಿಯ ಅಂಚಿಗೆ ಬೆರಳು ಸವರಿ, “ಇದು ನಡೆಯೋ ಕಾಲಕ್ಕೆ” ಎಂದು ಮೊಳೆಗೆ ನೇತುಹಾಕಿದಳು. ಈಗ ಕೂಸಿನ ಮುಂದಿರುವುದು ಮರದ ಸೌಟು, ಹಿತ್ತಾಳೆ ಲೋಟ, ನಾನು ಬೇವಿನ ಮರದಲ್ಲಿ ಕೆತ್ತಿದ ಒಂದು ಚಕ್ರ, ಇಷ್ಟೇ. ಸಂಜೆ ಅವನ್ನೂ ತೊಳೆದು ಒರೆಸಿ, ಇಲಿ ಮುಟ್ಟದಂತೆ ಬುಟ್ಟಿಯಲ್ಲಿಟ್ಟು ತೊಲೆಗೆ ತೂಗುಹಾಕುತ್ತಾಳೆ. “ಎಲ್ಲಾ ಒಂದೇ ಸಲ ಸುರುದ್ರೆ ಯಾವ್ದರ ಮ್ಯಾಲೂ ಆಸೆ ಇರಾಕಿಲ್ಲ” ಎನ್ನುವುದು ಅವಳ ವಾದ. ಅವಳು ಒಂದನ್ನು ಬಚ್ಚಿಟ್ಟು ನಾಲ್ಕು ದಿನ ಬಿಟ್ಟು ಕೊಟ್ಟರೆ ಕೂಸು ಹೊಸದೆಂದೇ ತಿಳಿದು ಕೇಕೆ ಹಾಕುತ್ತದೆ.

ಹೀಗಿರುವಾಗ ಒಂದು ದಿನ ಆ ಮಡಕೆಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಮಡಕಶಿರಾಕ್ಕೆ ಹೊರಟಳು. ಯಾಕೆಂದು ಹೇಳಲಿಲ್ಲ, ನಾನು ಹಿಂದೆ ಹೋದೆ. ನೆಟ್ಟಗೆ ದವಾಖಾನೆಗೆ ನಡೆದು ಡಾಕ್ಟರ ಮೇಜಿನ ಮೇಲೆ ಮಡಕೆ ಇಟ್ಟಳು. ಅವರು ತೆಲುಗಿನವರು. ಒಳಗಿನ ಹತ್ತಿ ಸುಟ್ಟುಬಿಡಿ, ಬಟ್ಟೆಯನ್ನು ಚೆನ್ನಾಗಿ ಕುದಿಸಿ ಬಿಸಿಲಿಗೆ ಹಾಕಿ, ಆಮೇಲೆ ಭಯವಿಲ್ಲ ಎಂದರು. ಕಣ್ಣಿಗೆ ಹೊಲಿದ ಮಣಿಗಳನ್ನು ಮಾತ್ರ ಕೀಳಲೇಬೇಕು, ಗಂಟಲಿಗೆ ಹೋದಾವು ಎಂದರು. ಅದು ನಿನಗೆ ಹೊಳೆದಿರಲಿಕ್ಕಿಲ್ಲ. ನೀನು ಬಿಟ್ಟುಹೋದಾಗ ಕೂಸಿನ್ನೂ ಏನನ್ನೂ ಬಾಯಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಮನೆಗೆ ಬಂದು ನಿಮ್ಮತ್ತೆ ಒಂದೊಂದೇ ಹೊಲಿಗೆ ಬಿಚ್ಚಿದಳು. ಬಟ್ಟೆ ಕುದಿಸಿ ಮಾಳಿಗೆಯ ಮೇಲೆ ಒಣಗಿಸಿದಳು. ನಮ್ಮ ಕುರಿಯ ಉಣ್ಣೆಯನ್ನೇ ತೊಳೆದು ತುಂಬಿ, ನೀನು ಸೂಜಿ ಹಾಕಿದ್ದ ತೂತುಗಳಲ್ಲೇ ಮತ್ತೆ ಹೊಲಿದಳು. “ಅವಳ ಕೈ ನನಗೆ ಬರಾಕಿಲ್ಲ” ಎಂದಳು. ಕಪ್ಪು ದಾರದ ಕಣ್ಣುಗಳಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು. ಹಸಿರು ಮಾಸಿದೆ. ಕೂಸಿಗೆ ಕೊಟ್ಟೊಡನೆ ಅದರ ಕಿವಿ ಬಾಯಿಗೆ ಹೋಯಿತು. ಮೂಡಲಗಿರಿ ಒಂದು ಗಳಿಗೆ ನೋಡಿ ಹೊರಗೆ ಎದ್ದುಹೋದ. ಮರುದಿನ ಅವನೇ ಅದನ್ನು ಕೂಸಿನ ಪಕ್ಕ ಮಲಗಿಸುತ್ತಿದ್ದ. ಈಗ ಅದೊಂದು ಮಾತ್ರ ಸಂಜೆ ಬುಟ್ಟಿಗೆ ಹೋಗುವುದಿಲ್ಲ.

ಹೇಮಾವತಿಯ ಸಿದ್ಧೇಶ್ವರ ನಿನ್ನ ಉಸಿರಾಟ ಸಲೀಸು ಮಾಡಲಿ.

ನಿನ್ನ ಮಾವ,
ಲಕ್ಷ್ಮೀನರಸಪ್ಪ

ಮತ್ತೆ: ಅಂಚೆಯವನು ಹೊರಟು ನಿಂತಿದ್ದಾನೆ. ಯುಗಾದಿ ಕಳೆದ ಮೇಲೆ ಕೂಸನ್ನು ಕರೆತರುತ್ತೇವೆ, ನಿಮ್ಮ ದೊಡ್ಡ ಡಾಕ್ಟರು ಒಪ್ಪಿದ್ದಾರೆ. ನೀನು ಜಗಲಿಯ ಮೇಲೆ, ನಾವು ಅಂಗಳದ ಈಚೆ, ಹತ್ತಿರ ಬರುವಂತಿಲ್ಲ. ಅವಳಿಗೆ ನಿನ್ನ ಮುಖದ ಗುರುತಿಲ್ಲ. ಕಂಡು ಅತ್ತರೆ ಒಳಗೆ ಹೋಗಿಬಿಡಬೇಡ, ಹೊಸಬರು ಯಾರನ್ನು ಕಂಡರೂ ಈಗ ಅಳುತ್ತಾಳೆ. ಅಳು ನಿಲ್ಲುವವರೆಗೂ ಅಲ್ಲೇ ನಿಂತಿರು. ನಿಮ್ಮತ್ತೆಯೂ ಅವಳನ್ನೆತ್ತಿಕೊಂಡು ನಿಂತೇ ಇರುತ್ತಾಳಂತೆ.