ಎರಡಕ್ಕೂ ಮೂರಕ್ಕೂ ಗೆರೆಯಿಲ್ಲ

ಅಕ್ಕಾ,

ನೀನು ತೀರಿಕೊಂಡು ವರ್ಷವಾಯಿತು. ಆದರೂ ಇದನ್ನು ನಿನಗೇ ಹೇಳಬೇಕು.

ಇವತ್ತು ಬಂಗಾರಪೇಟೆ ಕಾಲೇಜಿನಲ್ಲಿ ಆಂಶಿಕ ಕ್ರಮದ ಗಣಗಳ, ಅಂದರೆ ಎಲ್ಲವನ್ನೂ ಒಂದಕ್ಕೊಂದು ಹೋಲಿಸಲಾಗದ ಗುಂಪುಗಳ, ಪಾಠ ಮಾಡಿದೆ. ಬೋರ್ಡಿನ ಮೇಲೆ ಚಿತ್ರ ಬರೆದೆ: ಭಾಗಿಸುವ ಸಂಖ್ಯೆ ಕೆಳಗೆ, ಅದರಿಂದ ಶೇಷವಿಲ್ಲದೆ ಭಾಗವಾಗುವುದು ಮೇಲೆ, ಎರಡನ್ನೂ ಜೋಡಿಸುವ ಗೆರೆ. ಒಂದರ ಮೇಲೆ ಎರಡು, ಮೂರು ಪಕ್ಕಪಕ್ಕ. ಅವೆರಡರ ಮೇಲೆ ಆರು.

“ಎಲ್ಡಕ್ಕಿಂತ ಮೂರು ದೊಡ್ಡದಲ್ವಾ ಮೇಡಂ?” ಎಂದಳು ನವ್ಯ.

“ಎರಡು ಮೂರನ್ನ ಭಾಗಿಸಲ್ಲ ಕಣಮ್ಮ. ಇಲ್ಲಿ ಅವನ್ನ ಹೋಲಿಸೋ ಹಾಗಿಲ್ಲ.”

ಇಪ್ಪತ್ತು ವರ್ಷದಿಂದ ಹೇಳುತ್ತಿರುವ ಮಾತು. ಇವತ್ತು ಹೇಳಿ ಕುರ್ಚಿಯಲ್ಲಿ ಕೂತುಬಿಟ್ಟೆ.

ನಾವು ಹೈಸ್ಕೂಲಿನಲ್ಲಿದ್ದಾಗ ನೀನು ಹಾಲು ಕರೆದು, ಡೈರಿಗೆ ಹಾಕಿ ಬಂದು ಓದುತ್ತಿದ್ದೆ. ನಾನು ಎದ್ದವಳೇ ಓದುತ್ತಿದ್ದೆ. ಅಪ್ಪ ಇಬ್ಬರ ಮಾರ್ಕ್ಸ್ ಕಾರ್ಡೂ ನೋಡಿ, ನನ್ನದರಲ್ಲಿ ಅಂಕ ಹೆಚ್ಚಿದ್ದದ್ದಕ್ಕೆ, “ಚಿಕ್ಕೋಳು ಕಾಲೇಜ್ಗೆ ಓಗ್ಲಿ” ಅಂದ.

ನೀನು ನನ್ನ ಮುಖ ನೋಡಿದೆ. ನಾನು ಬಸ್ಸು ಎಷ್ಟೊತ್ತಿಗೆ ಎಂದು ಅಪ್ಪನನ್ನು ಕೇಳಿದೆ.