ಶಾಣ್ಯಾ ಅನ್ನುವ ಮಾತು

ಗೋಪನಕೊಪ್ಪ, ಹುಬ್ಬಳ್ಳಿ
೧೨ ಫೆಬ್ರವರಿ ೨೦೨೫, ಬುಧವಾರ

ಪ್ರೀತಿಯ ಅವ್ವಾ,

ಕರ್ತನ ಕೃಪೆಯಿಂದ ನೀನು ಆರಾಮ ಇದ್ದೀ ಎಂದು ನಂಬಿದ್ದೇನೆ. ಮೊಣಕಾಲು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತೀಯೋ, ಇಲ್ಲಾ ಬಾಟಲಿಯನ್ನು ಕಿಟಕಿಯಲ್ಲಿಟ್ಟು ಅದರ ಮುಖ ನೋಡುತ್ತೀಯೋ? ನಿನ್ನ ಅಳಿಯ ಐಸಾಕರಿಗೆ ಈ ವಾರವೂ ರಾತ್ರಿ ಪಾಳಿ, ಹಗಲೆಲ್ಲ ನಿದ್ದೆ. ಫೋನ್ ಇರುವಾಗ ಕಾಗದ ಏಕೆ ಅನ್ನಬೇಡ. ಕಿವಿ ಮಂದವಾದಾಗಿನಿಂದ ನೀನು ಫೋನನ್ನು ಸ್ಪೀಕರಿಗೆ ಹಾಕುತ್ತೀ, ನಾನು ಆಡಿದ್ದೆಲ್ಲ ಆರನ್‌ಗೂ ಕೇಳಿಸುತ್ತದೆ. ಈ ಮಾತು ಅವನ ಕಿವಿಗೆ ಬೀಳಬಾರದು.

ಭಾನುವಾರ ನೀನು ಹೇಳಿದ್ದು ತಲೆಯಿಂದ ಹೋಗುತ್ತಲೇ ಇಲ್ಲ. ಕಾಲಿಗೆ ಗಾಜು ಚುಚ್ಚಿದ್ದನ್ನು ಆರನ್ ಯಾರಿಗೂ ಹೇಳಲಿಲ್ಲ. ಜಳಕ ಮಾಡಿಸುವಾಗ ನಿನ್ನ ಕಣ್ಣಿಗೆ ಬಿತ್ತು. ತೆಗೆಸುವಾಗಲೂ ಅವನು ಪಿಟ್ಟೆನ್ನಲಿಲ್ಲ. "ಭಾಳ ಗಟ್ಟಿ ಆಗ್ಯಾನ ನೋಡ, ಈಗೀಗ ನಿನ್ನ ಹೆಸರೂ ತಗಿಯೂದಿಲ್ಲ" ಎಂದು ನೀನು ಹೆಮ್ಮೆಪಟ್ಟೆ. ನನ್ನ ಮಗ ಇನ್ನೂ ಆರು ವರ್ಷದ ಹುಡುಗ, ಅವ್ವಾ. ನನ್ನ ಬಿ.ಎಡ್. ಮುಗಿಯುವವರೆಗೆ ಬೆಟಗೇರಿಯಲ್ಲಿ ನಿನ್ನ ಹತ್ತಿರ ಇರಲಿ ಎಂದು ಬಿಟ್ಟು ಬಂದ ದಿನ ನನ್ನ ದುಪಟ್ಟಾ ಹಿಡಿದು ಓಣಿಯೆಲ್ಲ ಕೇಳುವ ಹಾಗೆ ಅತ್ತವನು. ನನಗೆ ಹೆದರಿಕೆ ಹತ್ತಿದೆ. ಏಕೆಂದು ತಿಳಿಯಬೇಕಾದರೆ ನಾನು ಪಾಠ ಹೇಳುವುದನ್ನು ಕಲಿಯಲು ಹೋಗುವ ಹಳೇ ಹುಬ್ಬಳ್ಳಿಯ ಶಾಲೆಯ ಸುದ್ದಿ ನೀನು ಕೇಳಬೇಕು.

ಮನೋವಿಜ್ಞಾನದಲ್ಲಿ ನಮಗೆ ಪುನರ್ಬಲನ ಎಂದು ಹೇಳಿಕೊಟ್ಟರು. ಮಗು ಸರಿಯಾದದ್ದನ್ನು ಮಾಡಿದ ಕೂಡಲೇ ಅದಕ್ಕೆ ಹಿತವಾಗುವಂಥದ್ದೇನಾದರೂ ಸಿಕ್ಕರೆ, ಅದನ್ನೇ ಮತ್ತೆ ಮತ್ತೆ ಮಾಡುತ್ತದೆ. ಇಷ್ಟೇ ತಾನೆ ಅಂದುಕೊಂಡೆ. ನಾಲ್ಕನೆಯ ತರಗತಿಯಲ್ಲಿ ಬುಶ್ರಾ ಎಂಬ ಹುಡುಗಿ, ಲೆಕ್ಕದಲ್ಲಿ ಬಲು ಚುರುಕು. ಅವಳು ಉತ್ತರ ಹೇಳಿದಾಗಲೆಲ್ಲ "ಶಾಣ್ಯಾಕಿ ನೋಡ್ರಿ ನಮ್ಮ ಬುಶ್ರಾ" ಅನ್ನುತ್ತಿದ್ದೆ, ಜಾಣೆ ಎಂಬ ಮೆಚ್ಚುಗೆಯಿಂದ, ನೀನು ನನ್ನ ಬೆನ್ನು ತಟ್ಟಿ ಅನ್ನುತ್ತಿದ್ದ ಹಾಗೇ. ಹುಡುಗಿ ದಿನದಿಂದ ದಿನಕ್ಕೆ ಮುದುಡಿದಳು, ಕೊನೆಗೆ ಬಾಯಿ ಬಿಡುವುದನ್ನೇ ನಿಲ್ಲಿಸಿದಳು. ನಾನು ದೊಡ್ಡ ಪಂಡಿತೆ, ಹೊಗಳಿಕೆ ಸಾಲದಾಯಿತು ಎಂದು ಇನ್ನಷ್ಟು ಹೊಗಳಿದೆ. ಸೋಮವಾರ ಅವಳ ಅಜ್ಜಿ ಮಾಶಾಬಿ ಶಾಲೆಗೆ ಬಂದರು. "ಅಕ್ಕಾರ, ನಮ್ಮ ಹುಡುಗಿ ಏನ್ ತಪ್ಪ ಮಾಡ್ಯಾಳ್ರಿ? ದಿನಾ ಎಲ್ಲಾರ ಮುಂದ ಯಾಕ ಹಂಗಸ್ತೀರಿ?" ಎಂದು ಕೇಳಿದರು. ಅವರ ಮನೆಯ ಉರ್ದುವಿನಲ್ಲಿ ಶಾಣೀ ಅಂದರೆ ಅಧಿಕಪ್ರಸಂಗಿ, ದೊಡ್ಡವರಿಗೆ ಎದುರು ಹೇಳುವವಳು. ಸಿಟ್ಟು ಬಂದಾಗ ಬಯ್ಯುವ ಮಾತಂತೆ ಅದು. ಸಕ್ಕರೆ ಎಂದು ನಾನು ಕೊಟ್ಟದ್ದು ಅವಳಿಗೆ ಮೆಣಸಿನಕಾಯಿ. ಮಾಶಾಬಿಯವರ ಕೈ ಹಿಡಿದು ತಪ್ಪಾಯಿತು ಎಂದೆ. ಅವರು ನಕ್ಕುಬಿಟ್ಟರು. ಬುಶ್ರಾ ನಗಲಿಲ್ಲ.

ಮನೆಗೆ ಬರುವಾಗ ಬಸ್ಸಿನಲ್ಲಿ ನನ್ನ ಮಾತೇ ನನಗೆ ನೆನಪಾಯಿತು. ಭಾನುವಾರ ಭಾನುವಾರ ನಾನು ಆರನ್‌ಗೆ ಫೋನಿನಲ್ಲಿ ಏನು ಹೇಳುತ್ತೇನೆ? "ಅತ್ತಿಲ್ಲಲ್ಲ? ಶಾಣ್ಯಾ ನೋಡ." ಯಾವಾಗ ಬರುತ್ತೀ ಎಂದು ಕೇಳದಿದ್ದರೆ ಮತ್ತೊಮ್ಮೆ ಶಾಣ್ಯಾ. ಅವನಿಗೆ ಈ ಮಾತಿನ ಅರ್ಥ ಸರಿಯಾಗಿಯೇ ಗೊತ್ತು, ನನ್ನ ಸಂಕಟವೇ ಅದು. ನೋವಾದರೆ ಹೇಳಬಾರದು, ಮಮ್ಮಿ ಬೇಕೆನಿಸಿದರೆ ಕೇಳಬಾರದು, ಆಗ ಮಮ್ಮಿಗೆ ಖುಷಿ. ಈ ಪಾಠವನ್ನು ನಾನೇ ಕಲಿಸಿದ್ದೇನೆ, ಮಗು ಚೆನ್ನಾಗಿ ಕಲಿತಿದೆ. ಮೊನ್ನೆ ಭಾನುವಾರ ಎರಡು ಮಾತಾಡಿ ಅವನೇ "ಫೋನ್ ಇಡ್ಲೇನ ಮಮ್ಮಿ?" ಅಂದ. ನಾನು ಅದಕ್ಕೂ ಶಾಣ್ಯಾ ಅಂದೆ. ನಾಳೆ ಮೈ ಸುಡುವ ಜ್ವರ ಬಂದರೂ, ಯಾರಾದರೂ ಹೊಡೆದರೂ, ಅವನು ಹೇಳುತ್ತಾನೆಯೇ ಅವ್ವಾ?

ನಿನ್ನ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ, ತಪ್ಪು ತಿಳಿಯಬೇಡ. ನೀನು ಇರದಿದ್ದರೆ ನನ್ನ ಓದು ಎಲ್ಲಿಯದು. ದೇವರು ನಿಮ್ಮಿಬ್ಬರ ಮೇಲೂ ಕಣ್ಣಿಟ್ಟಿರಲಿ. ಐಸಾಕರು ವಂದನೆ ಹೇಳಿದ್ದಾರೆ.

ನಿನ್ನ ಮಗಳು,
ಶರ್ಲಿ

ತಾ.ಕ.: ಶನಿವಾರ ಬಂದು ಅವನನ್ನು ಕರೆದುಕೊಂಡೇ ಹೋಗುತ್ತೇನೆ, ಬೇಡ ಅನ್ನಬೇಡ. ನಾನು ಶಾಲೆಗೆ ಹೋದಾಗ ನೋಡಿಕೊಳ್ಳಲು ಪಕ್ಕದ ಮನೆಯ ಶಿವಲಿಂಗವ್ವ ಒಪ್ಪಿದ್ದಾರೆ. ನಾನು ಬರುವ ಸುದ್ದಿಯನ್ನು ಅವನಿಗೆ ಹೇಳು. ಆದರೆ ಮಮ್ಮಿಯ ಮುಂದೆ ಅತ್ತರೂ ನಡೆಯುತ್ತದೆ ಎಂದು ಮಾತ್ರ ಹೇಳಿಕೊಡಬೇಡ. ಹೇಳಿಕೊಟ್ಟರೆ ನನ್ನನ್ನು ಮೆಚ್ಚಿಸಲಿಕ್ಕೆಂದೇ ಅಳುತ್ತಾನೆ.