ಹದಿನಾಲ್ಕನೇ ಕುರ್ಚಿ ಕೇಳಿಸಿಕೊಂಡದ್ದು

ಮಂಗಳವಾರ, ಊಟದ ಬಿಡುವು
ಒಂಬತ್ತನೇ ಮಹಡಿ, ಝೆರಾಕ್ಸ್ ಕೋಣೆ

ಪ್ರೀತಿಯ ಮೇಡಂ,

ಇಲ್ಲ, ಆ ಸಾಲನ್ನು ನಾನು ತೆಗೆದಿಲ್ಲ. ನಿನ್ನೆ ನೀವು ಫೋನಿನಲ್ಲಿ "ಮೈಕ್ ಆನ್ ಇರ್ಲಿಲ್ಲಮ್ಮ, ಬಿಟ್ಬಿಡು ಅದನ್ನ" ಅಂದಾಗ ನಾನು "ಆಯ್ತು ಮೇಡಂ" ಅಂದದ್ದು ನಿಜ. ಏನು ಮಾಡಲಿ, ಫೋನಿನಲ್ಲಿ ನಿಮ್ಮ ದನಿ ಕೇಳಿದರೆ ನನ್ನ ಬಾಯಿಗೆ ಬೇರೆ ಪದವೇ ಬರುವುದಿಲ್ಲ. ಒಂಬತ್ತನೇ ಮಹಡಿಯಿಂದ ಹಾರು ಅಂದಿದ್ದರೂ ಅದನ್ನೇ ಹೇಳುತ್ತಿದ್ದೆನೇನೋ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಬ್ಯಾಂಕಿನ ಫೋನಿನಿಂದ ಮೆಸೇಜ್ ಕಳಿಸಬಹುದಿತ್ತು, ಆದರೆ ಅದು ಏಳು ವರ್ಷ ಯಾವುದೋ ಕಂಪ್ಯೂಟರಿನಲ್ಲಿ ಕೂತಿರುತ್ತದೆ. ಮೇಲಾಗಿ, ನೀವು ಓದಿದ್ದಕ್ಕೆ ಎರಡು ನೀಲಿ ಗೆರೆ ಬಿದ್ದು ಉತ್ತರ ಬರದೇ ಹೋದರೆ ನಾನು ತಡೆದುಕೊಳ್ಳಲಾರೆ.

ನಿರ್ದೇಶಕ ಮಂಡಳಿಯ ಮೇಜಿಗೆ ಹದಿಮೂರು ಕುರ್ಚಿ. ಗೋಡೆಗೆ ಒರಗಿಸಿಟ್ಟ, ಕೈಗಳಿಲ್ಲದ ಹದಿನಾಲ್ಕನೆಯದು ನನ್ನದು, ಸಭೆಯ ಟಿಪ್ಪಣಿ ಬರೆದುಕೊಳ್ಳುವವಳದ್ದು. ಒಂದೂವರೆ ವರ್ಷದ ಹಿಂದೆ, ಮೊದಲ ಸಭೆಯ ದಿನ, ನೀವು ತಿರುಗಿ ನೋಡಿ "ಏನಮ್ಮ ಹದಿನಾಲ್ಕನೇ ಕುರ್ಚಿ, ಕಾಲು ಚಾಚೋಕೆ ಜಾಗ ಇದೆಯಾ?" ಅಂದಿರಿ. ಅವತ್ತು ಸಂಜೆ ನಮ್ಮ ಗುಂಪಿನಲ್ಲಿ ಇನ್ನೂರು ಮೆಸೇಜ್.

ಗುಂಪು ಅಂದರೆ, ನಗಬೇಡಿ, ಕಾಲೇಜಿನ ನಾವು ಐದು ಜನ. ಬೇರೆಯವರು ಆಟಗಾರರ, ನಟರ ಫೋಟೋ ಹಾಕುತ್ತಿದ್ದಾಗ ನಾವು ನಿಮ್ಮ ಬ್ಯಾಂಕಿನ ವಾರ್ಷಿಕ ವರದಿಯ ಎರಡನೇ ಪುಟದ ಫೋಟೋ ಹಾಕುತ್ತಿದ್ದೆವು. ಇಪ್ಪತ್ತೆರಡು ದೇಶಗಳ ಬ್ಯಾಂಕು, ಅದನ್ನು ನಡೆಸುವ ಹದಿಮೂರು ಮುಖ. ಯಾರು ಬಂದರು, ಯಾರು ಹೋದರು, ಯಾರು ಯಾವ ಸಮಿತಿಗೆ, ಎಲ್ಲ ನಮಗೆ ಬಾಯಿಪಾಠ. ಗುಂಪಿನ ಚಿತ್ರ ನೀವೇ. ಅದೂ ಆ ವಾರ್ಷಿಕ ಸಭೆಯ ವಿಡಿಯೋದ್ದು.

ನಿಮಗೆ ನೆನಪಿರಬೇಕು, ಆರು ವರ್ಷದ ಹಿಂದಿನ ಮಾತು. ಹತ್ತೇ ಹತ್ತು ಷೇರಿನ ಅಜ್ಜಿಯೊಬ್ಬರು ಎದ್ದು ನಿಂತು, "ಹದಿಮೂರು ಜನ ಇದ್ದೀರಲ್ಲಪ್ಪ, ನಿಮ್ಮಲ್ಲಿ ಯಾರಾದ್ರೂ ಒಬ್ರು ನಮ್ಮ ಶಾಖೇಲಿ ಕ್ಯೂ ನಿಂತಿದ್ದೀರಾ?" ಅಂತ ಕೇಳಿದರು. ವೇದಿಕೆ ತುಂಬ ನಗು. ಅಧ್ಯಕ್ಷರು "ಒಳ್ಳೇ ಪ್ರಶ್ನೆ" ಅಂದು ಮುಂದಿನವರ ಕಡೆ ನೋಡಿದರು. ಆಗ ಒಂದು ಮೈಕಿನ ಕೆಂಪು ದೀಪ ಹೊತ್ತಿತು. "ನಾನು ನಿಂತಿಲ್ಲ. ಹೋಗಿ ನಿಂತು ನಿಮಗೆ ಬರೀತೀನಿ" ಅಂದಿರಿ ನೀವು. ಅಷ್ಟೇ ಆಗಿದ್ದರೆ ಮಾತಿಗೆ ಹೇಳಿದ್ದು ಅನ್ನಬಹುದಿತ್ತು. ಆದರೆ ಮೂರು ವಾರಕ್ಕೆ ಅವರಿಗೆ ನಿಮ್ಮ ಕೈಬರಹದ ಕಾಗದ ಹೋಯಿತು: ನಲವತ್ತು ನಿಮಿಷ ನಿಂತೆ, ಒಂದೇ ಕೌಂಟರ್ ತೆರೆದಿತ್ತು, ದಾರ ಕಟ್ಟಿದ ಪೆನ್ನಿನಲ್ಲಿ ಇಂಕ್ ಇರಲಿಲ್ಲ, ನನ್ನ ಹಿಂದಿದ್ದವರು ನನ್ನನ್ನು ಬೈದರು, ನೀವು ಹೇಳಿದ್ದು ಸರಿ. ಕಾಗದದಲ್ಲಿ ಏನಿತ್ತು ಅಂತ ನನಗೆ ಹೇಗೆ ಗೊತ್ತು? ಕೊನೆಗೆ ಹೇಳುತ್ತೇನೆ.

ಈಗ ಕಳೆದ ಗುರುವಾರಕ್ಕೆ ಬರುತ್ತೇನೆ.

ಏಳು ಜನ ಕೋಣೆಯಲ್ಲಿ, ಆರು ಜನ ಪರದೆಯ ಮೇಲೆ. ಕೊನೆಯ ವಿಷಯ, ಒಳ ತಪಾಸಣೆಯ ಮುಖ್ಯಸ್ಥರನ್ನು ಕೆಲಸದಿಂದ ತೆಗೆಯುವುದು. ನಾವು ಕೆಳಗಿನವರು ಅವರನ್ನು ಕೆಂಪು ಪೆನ್ನು ಅಂತೀವಿ. ಹೊರದೇಶದ ಶಾಖೆಗಳಿಂದ ಬಂದ ವರದಿಗಳಲ್ಲಿ ಕೆಟ್ಟ ಸುದ್ದಿಯ ಪುಟಗಳು ನಿಮ್ಮ ಮೇಜಿಗೆ ಬರುವ ಮುಂಚೆಯೇ ಮಾಯವಾಗುತ್ತಿವೆ ಅಂತ ಅವರು ಬರೆದಿದ್ದರು. ಯಾವ ವರದಿ, ಯಾವ ತಿಂಗಳು, ಯಾವ ಪುಟ, ಅಂಥ ಹನ್ನೊಂದು ಪುಟಗಳನ್ನೂ ಪಟ್ಟಿ ಮಾಡಿದ್ದರು. ಅದಕ್ಕೆ ಸಿಕ್ಕ ಉತ್ತರ ಒಂದೇ ಸಾಲು: ಆಡಳಿತಕ್ಕೆ ಅವರ ಮೇಲೆ ವಿಶ್ವಾಸ ಉಳಿದಿಲ್ಲ.

ಅಧ್ಯಕ್ಷರು "ಯಾರಿಗೂ ಆಕ್ಷೇಪ ಇಲ್ಲ ತಾನೇ" ಅಂದರು. ಅವರು ಅದನ್ನು ಪ್ರಶ್ನೆಯ ಹಾಗೆ ಕೇಳುವುದಿಲ್ಲ, ನಿಮಗೂ ಗೊತ್ತು. ಫೈಲು ಮುಚ್ಚುತ್ತಾ ಹೇಳುತ್ತಾರೆ. ನಾನು ನಿಮ್ಮ ಬೆನ್ನ ಹಿಂದೆ ಎಡಕ್ಕೆ ಕೂತಿದ್ದೆ. ನಿಮ್ಮ ಬಲಗೈಯ ತೋರುಬೆರಳು ಮೈಕಿನ ಗುಂಡಿಯ ಮೇಲಿತ್ತು. ನೀವು ತಲೆ ಎತ್ತದೆ, ಮೆಲ್ಲಗೆ, ಆದರೆ ಸ್ಪಷ್ಟವಾಗಿ ಹೇಳಿದಿರಿ: "ನನ್ನ ಒಪ್ಪಿಗೆ ಇಲ್ಲ. ಬರ್ಕೋಮ್ಮ." ನಾನು ಬರೆದುಕೊಂಡೆ. ದೀಪ ಹೊತ್ತಲಿಲ್ಲ. ಪಕ್ಕದವರು ಕನ್ನಡಕ ಒರೆಸುತ್ತಿದ್ದರು. ಪರದೆಯ ಮೇಲಿನ ಆರು ಜನ ಕೈಬೀಸಿ ಹೊರಟೇ ಹೋದರು.

ಬರ್ಕೋಮ್ಮ ಅಂತ ಯಾರೂ ಅಧ್ಯಕ್ಷರಿಗೆ ಹೇಳುವುದಿಲ್ಲ ಮೇಡಂ. ಆ ಕೋಣೆಯಲ್ಲಿ ಬರೆಯುವವಳು ನಾನೊಬ್ಬಳೇ.

ಶುಕ್ರವಾರ ಕರಡು ಟೈಪ್ ಮಾಡಿ ಕಾರ್ಯದರ್ಶಿಗಳಿಗೆ ಕೊಟ್ಟೆ. ಪ್ರತಿ ಮಾತಿನ ಕೊನೆಗೂ "ಅಷ್ಟೇ" ಅನ್ನುವುದರಿಂದ ಅವರಿಗೆ ನಾವಿಟ್ಟ ಹೆಸರು ಪೂರ್ಣವಿರಾಮ. ಆರನೇ ಪುಟಕ್ಕೆ ಬಂದು ನಿಂತರು.

"ಇದೇನಮ್ಮ ಇದು?"

"ಮೇಡಂ ಹೇಳಿದ್ದು ಸರ್."

"ಯಾರೂ ಕೇಳಿಸ್ಕೊಂಡಿಲ್ಲ. ಅಧ್ಯಕ್ಷರೂ ಕೇಳಿಸ್ಕೊಂಡಿಲ್ಲ. ದೀಪ ಹೊತ್ತಿಲ್ಲ ಅಂದ್ಮೇಲೆ ಮಾತೇ ಆಡಿಲ್ಲ. ಅಷ್ಟೇ."

"ನಾನು ಕೇಳಿಸ್ಕೊಂಡೆ ಸರ್."

"ನೀನು ಮಂಡಳಿ ಅಲ್ಲಮ್ಮ."

ಬೇಜಾರಾಗಲಿಲ್ಲ. ನಾನು ಮಂಡಳಿ ಅಲ್ಲ, ಸರಿ. ಹಾಗಾದರೆ ನನ್ನನ್ನು ಯಾಕೆ ಕೂರಿಸಿದ್ದೀರಿ ಅಂತ ಕೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿ ಹೇಳಿದರು, ಕರಡು ತಲುಪಿದ ಏಳು ದಿನದೊಳಗೆ ಯಾವ ನಿರ್ದೇಶಕರಾದರೂ ತಾವು ಆಡದ ಮಾತನ್ನು ತಮ್ಮ ಕೈಯಾರೆ ಗೆರೆ ಎಳೆದು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಹಾಕಬಹುದು, ಅದು ಮೊದಲಿಂದ ನಡೆದು ಬಂದ ಪದ್ಧತಿ. "ಅವರೇ ಹೊಡೀಲಿ. ನಾನೂ ಹೊಡೆಯಲ್ಲ, ನೀನೂ ಹೊಡೀಬೇಡ. ಅಷ್ಟೇ." ಆ ಮನುಷ್ಯನ ಬಗ್ಗೆ ಗುಂಪಿನಲ್ಲಿ ಇಷ್ಟು ದಿನ ಮಾಡಿದ ತಮಾಷೆಗೆಲ್ಲ ನನಗೆ ಅವತ್ತು ನಾಚಿಕೆಯಾಯಿತು.

ಮುಂದಿನ ಸಭೆಯಲ್ಲಿ ಅಧ್ಯಕ್ಷರು ಕರಡಿಗೆ ಸಹಿ ಹಾಕಿದ ಕೂಡಲೇ ನನ್ನ ಟಿಪ್ಪಣಿ ಪುಸ್ತಕದ ಹಾಳೆಗಳನ್ನು ಪೂರ್ಣವಿರಾಮದವರ ಎದುರೇ ಯಂತ್ರಕ್ಕೆ ಹಾಕಿ ಚೂರು ಮಾಡಬೇಕು. ಆ ಸಾಲು ಕರಡಿನಲ್ಲಿ ಇಲ್ಲದಿದ್ದರೆ, ಆಮೇಲೆ ನೀವು ಹಾಗೆ ಹೇಳಿದಿರಿ ಅನ್ನುವುದಕ್ಕೆ ಜಗತ್ತಿನಲ್ಲಿ ಏನೂ ಉಳಿಯುವುದಿಲ್ಲ, ನನ್ನ ಎರಡು ಕಿವಿ ಬಿಟ್ಟು.

ಆ ಸಾಲಿನಿಂದ ಏನಾಗುತ್ತದೆ ಅನ್ನುವುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ತಪಾಸಣೆಯ ಮುಖ್ಯಸ್ಥರನ್ನು ಎಲ್ಲರೂ ಒಪ್ಪಿ ತೆಗೆದರೆ ಅದು ನಮ್ಮ ಮನೆಯೊಳಗಿನ ವಿಷಯ. ಒಬ್ಬರು ಒಪ್ಪದಿದ್ದರೂ ಬ್ಯಾಂಕುಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆಗೆ ಕಾರಣ ಬರೆದು ಕಳಿಸಬೇಕು, ಅವರು ಕೆಂಪು ಪೆನ್ನಿನವರನ್ನೂ ಕರೆದು ಕೇಳುತ್ತಾರೆ. ಅಂದರೆ ಆ ಹನ್ನೊಂದು ಪುಟಗಳನ್ನು ಯಾರಾದರೂ ಒಬ್ಬರು ಓದುತ್ತಾರೆ. ಇಲ್ಲದಿದ್ದರೆ ಐವತ್ತನಾಲ್ಕನೇ ವಯಸ್ಸಿನಲ್ಲಿ, ಹದಿಮೂರು ಜನ ಒಮ್ಮತದಿಂದ ನಂಬಿಕೆ ಕಳೆದುಕೊಂಡ ತಪಾಸಣೆಗಾರನಿಗೆ ಯಾವ ಬ್ಯಾಂಕು ಕುರ್ಚಿ ಕೊಡುತ್ತದೆ?

ನಿನ್ನೆ ಬೆಳಿಗ್ಗೆ ಅವರು ಮೇಜು ಖಾಲಿ ಮಾಡುತ್ತಿದ್ದರು. ನಾನು ಸೇರಿದ ಹೊಸತರಲ್ಲಿ ಟಿಪ್ಪಣಿ ಬರೆಯುವುದನ್ನು ಕಲಿಸಿಕೊಟ್ಟವರು ಅವರೇ. "ನಿಂಗೆ ಅನ್ನಿಸಿದ್ದನ್ನ ಬರೀಬೇಡ, ಕೇಳಿಸಿದ್ದನ್ನ ಬರಿ" ಅಂತಿದ್ದರು. ಉಳಿದ ಪೆನ್ನುಗಳ ಡಬ್ಬ ನನ್ನ ಕೈಗಿಟ್ಟರು. "ಒಳಗೆ ಏನಾಯ್ತು ಅಂತ ನಾನು ಕೇಳಲ್ಲ, ನೀನು ಹೇಳಲೂಬಾರ್ದು" ಅಂದರು. ಮತ್ತೆ ಬಾಗಿಲ ತನಕ ಹೋಗಿ ತಿರುಗಿ, "ಯಾರಾದ್ರೂ ಒಬ್ರು ತಲೆ ಎತ್ತಿ ನೋಡಿದ್ರೇನಮ್ಮ, ನನ್ನ ಹೆಸರು ಬಂದಾಗ?" ಅಂದರು. ಪಾಪ, ಕೇಳಲ್ಲ ಅಂದವರು ಕೇಳಿಯೇಬಿಟ್ಟರು. ನಾನು ಉತ್ತರ ಕೊಡುವ ಹಾಗಿಲ್ಲವಲ್ಲ. ಪೆನ್ನಿನ ಡಬ್ಬ ನೋಡುತ್ತಾ ನಿಂತೆ.

ಮೇಡಂ, ಒಂದು ತಪ್ಪೊಪ್ಪಿಗೆ. ಮೇಲಿನ ಮೊದಲ ಸಾಲು ಪೂರ್ತಿ ನಿಜವಲ್ಲ. ನಿನ್ನೆ ನಿಮ್ಮ ಫೋನ್ ಬಂದ ಮೇಲೆ ನಾನು ಆ ಸಾಲನ್ನು ಅಳಿಸಿದ್ದೆ. ಹನ್ನೊಂದು ನಿಮಿಷ ಅದು ಅಲ್ಲಿರಲಿಲ್ಲ. ನೀವು ಹೇಳಿದಿರಿ ಅಂತ ಅಳಿಸಿದೆ ಅಂದುಕೊಂಡರೆ ನನಗೇ ಸಮಾಧಾನ, ಆದರೆ ಕಾರಣ ಅದಲ್ಲ. ವರ್ಷದ ಕೊನೆಗೆ ಅಧ್ಯಕ್ಷರು ಇಳಿಯುತ್ತಾರೆ, ಉಪಾಧ್ಯಕ್ಷರು ನೀವು, ಮುಂದಿನ ಹೆಸರು ನಿಮ್ಮದೇ ಅಂತ ಲಿಫ್ಟಿನವರಿಗೂ ಗೊತ್ತು. ಅಧ್ಯಕ್ಷರ ಎದುರು ಒಂಟಿಯಾಗಿ ನಿಂತವರನ್ನು ಆ ಹನ್ನೆರಡು ಜನ ಆ ಕುರ್ಚಿಗೆ ಕೂರಿಸುವುದಿಲ್ಲ. ಮೇಜಿನ ತುದಿಯ ಆ ಎತ್ತರದ ಕುರ್ಚಿಯಲ್ಲಿ ನೀವು ಕೂತ ಫೋಟೋಗೆ ಏನು ಬರೆಯಬೇಕು ಅಂತ ನಮ್ಮ ಗುಂಪಿನಲ್ಲಿ ಈಗಾಗಲೇ ತೀರ್ಮಾನವಾಗಿದೆ. ನಾನು ಅಳಿಸಿದ್ದು ಆ ಫೋಟೋಗಾಗಿ. ನಿಮಗಾಗಿಯೂ ಅಲ್ಲ, ನನಗಾಗಿ.

ಹನ್ನೊಂದನೇ ನಿಮಿಷಕ್ಕೆ ಪೆನ್ನಿನ ಡಬ್ಬ ಕಣ್ಣಿಗೆ ಬಿತ್ತು. ಸಾಲನ್ನು ವಾಪಸ್ ತಂದೆ.

ಈಗ ನಿಮ್ಮನ್ನು ಕೇಳಲೇಬೇಕಾದದ್ದು. ಹನ್ನೊಂದು ಸಭೆಗಳಲ್ಲಿ ನಾನು ನಿಮ್ಮ ಬೆನ್ನ ಹಿಂದೆ ಕೂತಿದ್ದೇನೆ. ನೀವು ಒಮ್ಮೆಯೂ ಗುಂಡಿ ಒತ್ತುವುದನ್ನು ಮರೆತಿಲ್ಲ. ಮರೆಯುವುದು ಬೇರೆಯವರು. ಮೊನ್ನೆ ಮೊನ್ನೆ ಪಕ್ಕದವರ ಗುಂಡಿಯನ್ನು ನೀವೇ ಕೈ ಚಾಚಿ ಒತ್ತಿ, "ಒತ್ತಿ ಮಾತಾಡಿ ಸರ್, ಇಲ್ದಿದ್ರೆ ಸಮುದ್ರದಾಚೆಯವ್ರಿಗೆ ನೀವು ಬರೀ ಮೀಸೆ ಅಲ್ಲಾಡಿಸಿದ ಹಾಗೆ ಕಾಣುತ್ತೆ" ಅಂದು ಇಡೀ ಮೇಜನ್ನು ನಗಿಸಿದವರು ನೀವು. ಅಂಥವರ ಬೆರಳು ಗುಂಡಿಯ ಮೇಲೇ ಇದ್ದು ಅದನ್ನು ಒತ್ತಲಿಲ್ಲ. ಮರೆತಿರಾ? ಅಥವಾ ಹೇಳಿದ ಹಾಗೂ ಆಗಲಿ, ಯಾರಿಗೂ ಕೇಳಿಸದ ಹಾಗೂ ಆಗಲಿ ಅಂದುಕೊಂಡಿರಾ? ಎರಡನೆಯದಾದರೆ ನನ್ನನ್ನು ಯಾಕೆ ಬರೆದುಕೋ ಅಂದಿರಿ? ನಾಲ್ಕು ದಿನದಿಂದ ಯೋಚಿಸುತ್ತಿದ್ದೇನೆ. ಒಂದೊಂದು ಸಲ ಅನ್ನಿಸುತ್ತದೆ, ಒತ್ತುವ ಧೈರ್ಯ ನಿಮಗೆ ಬರಲಿಲ್ಲ, ಆ ಕೆಲಸವನ್ನು ನನ್ನ ಕೈಯಿಂದ ಮಾಡಿಸಿದಿರಿ. ಹಾಗಿದ್ದರೆ ಮಾಡಿದ್ದೇನೆ. ಇನ್ನು ಅದನ್ನು ಅಳಿಸುವುದನ್ನೂ ನನ್ನ ಕೈಯಿಂದಲೇ ಮಾಡಿಸಬೇಡಿ.

ಕರಡು ಇವತ್ತು ಸಂಜೆ ನಿಮ್ಮ ಮನೆಗೆ ತಲುಪುತ್ತದೆ. ಈ ಕಾಗದ ಅದರ ಆರನೇ ಪುಟದ ಪಕ್ಕದಲ್ಲಿ ಇರುತ್ತದೆ. ಹೊಡೆಯುವುದಿದ್ದರೆ ನೀವೇ ಹೊಡೆದು ಸಹಿ ಹಾಕಿ. ನಾನು ಜಗಳ ಮಾಡುವುದಿಲ್ಲ, ಯಾರಿಗೂ ಹೇಳುವುದೂ ಇಲ್ಲ. ಗುಂಪಿನ ಚಿತ್ರ ಮಾತ್ರ ಬದಲಾಯಿಸುತ್ತೇನೆ. ಯಾಕೆ ಅಂತ ಕೇಳಿದರೆ ಹಳೇದಾಯ್ತು ಅನ್ನುತ್ತೇನೆ.

ಬರೆದದ್ದರಲ್ಲಿ ಸೊಕ್ಕು ಕಂಡರೆ ಕ್ಷಮಿಸಿ. ಅಭಿಮಾನ ಜಾಸ್ತಿಯಾದವರು ಹೀಗೇ ಆಡುತ್ತಾರೆ.

ನಿಮ್ಮ ಬೆನ್ನ ಹಿಂದೆ, ಎಡಕ್ಕೆ,
ಹದಿನಾಲ್ಕನೇ ಕುರ್ಚಿ

ತಾಜಾ ಕಲಂ: ಆ ಹತ್ತು ಷೇರಿನ ಅಜ್ಜಿ ನನ್ನ ಅಜ್ಜಿ, ಅಮ್ಮನ ಅಮ್ಮ. ನಿಮ್ಮ ಕಾಗದವನ್ನು ಪ್ಲಾಸ್ಟಿಕ್ ಹೊದಿಸಿ ತನ್ನ ಪೆನ್ಷನ್ ಪುಸ್ತಕದ ಜೊತೆ ಇಟ್ಟುಕೊಂಡಿದ್ದಾಳೆ. ನಾನು ಈ ಕೆಲಸಕ್ಕೆ ಅರ್ಜಿ ಹಾಕಿದ್ದೇ ಅದನ್ನು ಓದಿ. ಒಳಗಿನ ವಿಷಯ ಅವಳಿಗೆ ಒಂದಕ್ಷರ ಹೇಳಿಲ್ಲ, ನಿಮ್ಮಾಣೆ. ಆದರೆ ಕೆಂಪು ಪೆನ್ನಿನವರು ಹೋದ ಸುದ್ದಿ ಭಾನುವಾರ ಪೇಪರಿನಲ್ಲಿ ಬಂತಲ್ಲ, ಅಜ್ಜಿ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. ಮುಂದಿನ ತಿಂಗಳ ವಾರ್ಷಿಕ ಸಭೆಗೆ ತನ್ನ ಪ್ರಶ್ನೆಯನ್ನು ನಿನ್ನೆಯೇ ಪೋಸ್ಟ್ ಮಾಡಿಬಿಟ್ಟಿದ್ದಾಳೆ: "ತಪಾಸಣೆ ಮಾಡೋರನ್ನ ತೆಗೆದ್ರಲ್ಲ, ಹದಿಮೂರು ಜನಾನೂ ಹೂಂ ಅಂದ್ರಾ, ಇಲ್ಲ ಯಾರಾದ್ರೂ ಒಬ್ರು ಬೇಡ ಅಂದ್ರಾ?" ಅಧ್ಯಕ್ಷರು ಉತ್ತರ ಕೊಡುತ್ತಾರೆ ಅಜ್ಜಿ, ಅಂದೆ. "ಅವ್ರು ಬೇಡ, ಆ ಕ್ಯೂ ನಿಂತ ಹುಡುಗಿ ಹೇಳ್ಲಿ" ಅಂದಳು. ಐವತ್ತೆಂಟರ ನಿಮ್ಮನ್ನು ಹುಡುಗಿ ಅನ್ನುವವಳು ಅವಳೊಬ್ಬಳೇ ಇರಬೇಕು. ಮೂರನೇ ಸಾಲಿನಲ್ಲಿ ಕೂತಿರುತ್ತಾಳೆ, ನಿಮ್ಮ ಮುಂದೆ ಮೈಕ್ ಇರುತ್ತದೆ. ಈ ಸಲ ಗುಂಡಿ ಒತ್ತುತ್ತೀರಾ, ಮೇಡಂ?